ರೋಟರಿ ಎಂಜಿನ್ನಿನ ಬಿಸಿಯನ್ನು ಸರಿಯಾಗಿ ಓದುವುದು: ಸ್ವಂತ ವಿಮಾನ ಕಟ್ಟುವವರಿಗೆ ಒಂದು ಮಾರ್ಗದರ್ಶಿ

ರೋಟರಿ ಎಂಜಿನ್, ಅಂದರೆ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ಒಳಗೆ ತಿರುಗುವ ಎಂಜಿನ್, ಕೂರಿಸಿ ಸ್ವಂತ ಕೈಯಿಂದ ವಿಮಾನ ಕಟ್ಟುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ನೀರಿನ ಗೇಜ್ ಎಷ್ಟು ತೋರಿಸಿದರೆ ಎಂಜಿನ್ ಕೆಟ್ಟಿದೆ ಎಂದು ತಿಳಿಯಬೇಕು?’ ಇದಕ್ಕೆ ಒಂದು ಅಂಕಿ ಹೇಳಿ ಮುಗಿಸುವಂತಿಲ್ಲ. ಗೇಜ್ ತೋರಿಸುವುದು ಎಂಜಿನ್ನಿನ ಬಿಸಿಯನ್ನಲ್ಲ, ಸೆನ್ಸರಿನ ತುದಿ ಮುಳುಗಿರುವ ಜಾಗದ ಬಿಸಿಯನ್ನು. ಆ ತುದಿಯ ಸುತ್ತ ನೀರೇ ಇಲ್ಲದಿದ್ದರೆ ಮುಳ್ಳು ನೆಮ್ಮದಿಯಾಗಿ ಹಸಿರಿನಲ್ಲಿ ನಿಂತಿರುತ್ತದೆ, ಎಂಜಿನ್ ಒಳಗೆ ಬೇಯುತ್ತಿರುತ್ತದೆ.

ಇನ್ನೊಂದು ಸಂಗತಿಯೂ ಈ ಪ್ರಶ್ನೆಯನ್ನು ಕಷ್ಟವಾಗಿಸುತ್ತದೆ. ಪಿಸ್ಟನ್ ಎಂಜಿನ್ ಮಿತಿಮೀರಿ ಬಿಸಿಯಾದರೆ ಅಲ್ಯೂಮಿನಿಯಂ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ರೋಟರಿಯಲ್ಲಿ ಒಳಗೆ ತಿರುಗುವ ರೋಟರ್ ಬೀಡುಕಬ್ಬಿಣದ್ದು, ಅದನ್ನು ಸುತ್ತುವರಿದ ಹೌಸಿಂಗ್ ಅಲ್ಯೂಮಿನಿಯಂನದು. ಬಿಸಿ ಏರಿದಂತೆ ಹೌಸಿಂಗ್ ಹೆಚ್ಚು ಹಿಗ್ಗಿ ರೋಟರಿನಿಂದ ದೂರ ಸರಿಯುತ್ತದೆಯೇ ಹೊರತು ಹತ್ತಿರ ಬರುವುದಿಲ್ಲ. ಆದ್ದರಿಂದ ಈ ಎಂಜಿನ್ ಸಾಮಾನ್ಯವಾಗಿ ಗಾಳಿಯಲ್ಲಿ ಬಿಗಿದು ನಿಲ್ಲುವುದಿಲ್ಲ. ಶಕ್ತಿ ಕಳೆದುಕೊಂಡರೂ ನಿಮ್ಮನ್ನು ರನ್‌ವೇವರೆಗೆ ತಂದು ಇಳಿಸುವ ಸಾಧ್ಯತೆ ಹೆಚ್ಚು. ಇದು ಬಹಳ ದೊಡ್ಡ ಗುಣ. ಆದರೆ ಅದೇ ಗುಣದಿಂದಾಗಿ ಒಳಗಿನ ಹಾನಿ ಕಣ್ಣಿಗೆ ಬೀಳದೆ ಉಳಿಯುತ್ತದೆ, ಮಾಲೀಕರು ‘ಏನೂ ಆಗಿಲ್ಲ’ ಎಂದುಕೊಂಡು ಮರುದಿನ ಮತ್ತೆ ಹಾರುತ್ತಾರೆ. ಈ ಲೇಖನವನ್ನು ಮುಖ್ಯವಾಗಿ ಆ ಮರುದಿನದ ಹಾರಾಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಮಜ್ದಾ 13ಬಿ ಎಂಜಿನ್ನಿನ ಬಗ್ಗೆ. ತಲಾ 654 ಸಿಸಿಯ ಎರಡು ರೋಟರ್‌ಗಳಿರುವ, ನೀರಿನಿಂದ ತಂಪಾಗುವ ಈ ಎಂಜಿನ್ ಆರ್‌ಎಕ್ಸ್-7 ಕಾರಿನಲ್ಲಿ ಬಂದದ್ದು. ಅದರ ಮುಂದಿನ ಪೀಳಿಗೆಯ ರೆನೆಸಿಸ್ ಆರ್‌ಎಕ್ಸ್-8 ಕಾರಿನಲ್ಲಿ ಬಂತು. ಅಮೆರಿಕದ ಸ್ವಯಂನಿರ್ಮಿತ ವಿಮಾನಗಳ ವಲಯದಲ್ಲಿ ಆರ್‌ವಿ ಸರಣಿಯ ಮತ್ತು ಕೋಝಿ ಮಾದರಿಯ ವಿಮಾನಗಳಿಗೆ ಇದನ್ನು ವೇಗ ತಗ್ಗಿಸುವ ಗೇರ್‌ಪೆಟ್ಟಿಗೆಯ ಜೊತೆ ಕೂರಿಸುವ ರೂಢಿ ಬೆಳೆದಿದೆ. ವಿಮಾನಕ್ಕೆಂದು ಪ್ರಮಾಣೀಕರಿಸಿದ ಎಂಜಿನ್ ಇದಲ್ಲವಾದ್ದರಿಂದ ತಂಪಿಕೆಯ ವ್ಯವಸ್ಥೆಯ ವಿನ್ಯಾಸ, ಅಳತೆ, ಪರೀಕ್ಷೆ ಎಲ್ಲವೂ ಕಟ್ಟುವವರ ಹೊಣೆ.

ಮೊದಲು ತಿಳಿದಿರಬೇಕಾದ್ದು: ಬಿಸಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೆಡಿಸುತ್ತದೆ

ಪಿಸ್ಟನ್ ಎಂಜಿನ್ನಿನಲ್ಲಿ ಒಂದೇ ಸಿಲಿಂಡರಿನೊಳಗೆ ತಣ್ಣನೆಯ ಗಾಳಿಯೂ ಬರುತ್ತದೆ, ಬೆಂಕಿಯೂ ಉರಿಯುತ್ತದೆ. ರೋಟರಿಯಲ್ಲಿ ಹಾಗಲ್ಲ. ಹೌಸಿಂಗಿನ ಒಂದು ಪಕ್ಕಕ್ಕೆ ಯಾವಾಗಲೂ ತಂಪು ಗಾಳಿ ತಗಲುತ್ತದೆ, ಸ್ಪಾರ್ಕ್ ಪ್ಲಗ್ ಇರುವ ಇನ್ನೊಂದು ಪಕ್ಕದಲ್ಲಿ ಯಾವಾಗಲೂ ಉರಿ. ಈ ಉರಿಪಕ್ಕಕ್ಕೆ ಎಡೆಬಿಡದೆ ನೀರು ಹರಿಯಬೇಕು. ಅಲ್ಲಿ ಆವಿಯ ಗುಳ್ಳೆ ಕೂತರೆ ಆ ಭಾಗ ಮಾತ್ರ ಕಾದು, ಪ್ಲಗ್ ತೂತಿನ ಸುತ್ತ ಬಿರುಕು ಹುಟ್ಟುತ್ತದೆ.

ಎಂಜಿನ್ನಿನ ಕಟ್ಟಡವನ್ನೂ ಗಮನಿಸಿ. ಮೂರು ಬೀಡುಕಬ್ಬಿಣದ ಫಲಕಗಳ ನಡುವೆ ಎರಡು ಅಲ್ಯೂಮಿನಿಯಂ ಹೌಸಿಂಗ್‌ಗಳನ್ನು ಇಟ್ಟು, ಉದ್ದನೆಯ ಉಕ್ಕಿನ ಬೋಲ್ಟ್‌ಗಳಿಂದ ಬಿಗಿಯಲಾಗಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 80 ಮಿ.ಮೀ. ಅಗಲದ ಹೌಸಿಂಗ್ ಮಾಮೂಲಿಗಿಂತ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 0.09 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಬೋಲ್ಟ್ ಅಷ್ಟೇ ಕಾದರೂ 0.05 ಮಿ.ಮೀ. ಮಾತ್ರ ಹಿಗ್ಗುತ್ತದೆ. ಉಳಿದ ವ್ಯತ್ಯಾಸ ಅಲ್ಯೂಮಿನಿಯಂ ಮೇಲೆ ಹಿಸುಕುವ ಒತ್ತಡವಾಗಿ ಬೀಳುತ್ತದೆ. ಫಲಕ ಮತ್ತು ಹೌಸಿಂಗ್ ಕೂಡುವ ಕಡೆ ನೀರನ್ನು ತಡೆದು ಹಿಡಿಯುವ ರಬ್ಬರಿನ ಓ-ರಿಂಗ್‌ಗಳಿವೆ. ಮೊದಲು ಸಾಯುವುದು ಇವೇ. ಅತಿ ಬಿಸಿ ಕಂಡ ಒಂದು ಎಂಜಿನ್ನನ್ನು ಬಿಚ್ಚಿದಾಗ ಉರಿಪಕ್ಕದ ಓ-ರಿಂಗ್ ಒಣಗಿದ ಹುಣಸೆ ಸಿಪ್ಪೆಯಂತೆ ಬೆರಳಿನಲ್ಲಿ ಪಟ್ಟನೆ ಮುರಿಯಿತು. ಅದೇ ರಿಂಗಿನ ತಂಪುಪಕ್ಕದ ಭಾಗ ಇನ್ನೂ ಮೆತ್ತಗೆ ಬಾಗುತ್ತಿತ್ತು.

ಎಣ್ಣೆಯನ್ನು ಮರೆಯಬೇಡಿ. ರೋಟರಿಯಲ್ಲಿ ಎಣ್ಣೆ ಕೇವಲ ಜಾರಿಕೆಗಲ್ಲ. ರೋಟರ್‌ಗಳು ತಿರುಗಿಸುವ ನಡುವಿನ ದಂಡದಿಂದ, ಅಂದರೆ ಎಕ್ಸೆಂಟ್ರಿಕ್ ಶಾಫ್ಟ್‌ನಿಂದ ಚಿಮ್ಮಿ ರೋಟರಿನ ಒಳಹೊಟ್ಟೆಯನ್ನು ತಂಪು ಮಾಡುವುದೂ ಎಣ್ಣೆಯೇ. ತಂಪಿಕೆಯ ವ್ಯವಸ್ಥೆ ಹೊರಹಾಕಬೇಕಾದ ಒಟ್ಟು ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯ ಮೂಲಕ ಹೋಗುತ್ತದೆ. ಆದ್ದರಿಂದ ಸಣ್ಣ ಆಯಿಲ್ ಕೂಲರ್ ಹಾಕಿ ದೊಡ್ಡ ರೇಡಿಯೇಟರ್ ಹಾಕಿದರೆ ಲೆಕ್ಕ ಸರಿಹೋಗುವುದಿಲ್ಲ.

ಬೇಕಾಗುವ ಸಾಮಾನು

ನೀರಿಗೆ ಎರಡು ಮತ್ತು ಎಣ್ಣೆಗೆ ಎರಡು ತಾಪಮಾನ ಸೆನ್ಸರ್, ಕೂಲಂಟ್ (ಎಂಜಿನ್ನನ್ನು ತಂಪು ಮಾಡುವ ನೀರು) ಒತ್ತಡಕ್ಕೆ ಒಂದು, ಎಣ್ಣೆಯ ಒತ್ತಡಕ್ಕೆ ಒಂದು, ಹೊರಗಾಳಿಯ ತಾಪಮಾನಕ್ಕೆ ಒಂದು, ಪ್ರತಿ ರೋಟರಿನ ಎಕ್ಸಾಸ್ಟ್ ಕೊಳವೆಗೆ ಒಂದೊಂದು ಥರ್ಮೋಕಪಲ್. ಥರ್ಮೋಕಪಲ್ ಎಂದರೆ ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದು ಮಾಡಿದ ಸೆನ್ಸರ್. ಬೆಸುಗೆ ಕಾದಾಗ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇವೆಲ್ಲವನ್ನೂ ತೋರಿಸುವ, ಸೆಕೆಂಡಿಗೊಮ್ಮೆ ಬರೆದಿಡುವ ಎಂಜಿನ್ ಮಾನಿಟರ್ ಇದ್ದರೆ ಒಳ್ಳೆಯದು. ಹಣ ಸಾಲದಿದ್ದರೆ ರೇಡಿಯೋದಲ್ಲಿಯೋ ಬಣ್ಣದಲ್ಲಿಯೋ ಉಳಿಸಿ, ಕೂಲಂಟ್ ಒತ್ತಡದ ಸೆನ್ಸರಿನಲ್ಲಿ ಉಳಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

1. ಸೆನ್ಸರ್‌ಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿ

ನೀರಿನ ಮುಖ್ಯ ಸೆನ್ಸರ್ ಎಂಜಿನ್ನಿನಿಂದ ಬಿಸಿನೀರು ಹೊರಬರುವ ಕಡೆ, ಥರ್ಮೋಸ್ಟಾಟಿಗೆ, ಅಂದರೆ ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟಕ್ಕೆ, ಮೊದಲು ಇರಬೇಕು. ಎರಡನೆಯದು ರೇಡಿಯೇಟರಿನಿಂದ ತಣ್ಣೀರು ಹೊರಡುವ ಕೊಳವೆಯಲ್ಲಿರಲಿ. ಈ ಎರಡರ ವ್ಯತ್ಯಾಸದಿಂದ ಎಷ್ಟು ರೋಗಗಳು ಪತ್ತೆಯಾಗುತ್ತವೆ ಎಂಬುದನ್ನು ಏಳನೆಯ ಹಂತದಲ್ಲಿ ವಿವರಿಸುತ್ತೇನೆ. ಸೆನ್ಸರಿನ ತುದಿ ಹರಿಯುವ ನೀರಿನೊಳಗೆ ಚಾಚಿರಬೇಕು. ಉದ್ದನೆಯ ಅಡಾಪ್ಟರ್ ಹಾಕಿ ತುದಿಯನ್ನು ಮೂಲೆಯೊಂದರಲ್ಲಿ ಅಡಗಿಸಿದರೆ ಅದು ನಿಂತ ನೀರನ್ನು ಅಳೆಯುತ್ತದೆ.

ಎಣ್ಣೆಯ ಸೆನ್ಸರ್ ಒಂದು ಕೂಲರಿಗೆ ಹೋಗುವ ಕಡೆ, ಇನ್ನೊಂದು ಕೂಲರಿನಿಂದ ಎಂಜಿನ್ನಿಗೆ ಮರಳುವ ಕಡೆ ಇರಲಿ. ಒಂದನ್ನೇ ಹಾಕುವುದಾದರೆ ಎಂಜಿನ್ನಿಗೆ ಮರಳುವ ಕಡೆ ಹಾಕಿ, ಏಕೆಂದರೆ ಬೇರಿಂಗ್‌ಗಳಿಗೂ ರೋಟರಿಗೂ ಸಿಗುವುದು ಆ ಎಣ್ಣೆ. ಬೇರೆಯವರ ಅಂಕಿಯ ಜೊತೆ ನಿಮ್ಮ ಅಂಕಿಯನ್ನು ಹೋಲಿಸುವ ಮೊದಲು ಅವರ ಸೆನ್ಸರ್ ಎಲ್ಲಿದೆ ಎಂದು ಕೇಳಿ. ಕೂಲರಿನ ಹಿಂದೆ ಮುಂದೆ ಅಳೆದ ಎರಡು ಅಂಕಿಗಳನ್ನು ಒಂದೇ ಎಂದುಕೊಂಡು ವಾದಕ್ಕಿಳಿದವರನ್ನು ಬಹಳ ನೋಡಿದ್ದೇನೆ.

ಕೂಲಂಟ್ ಒತ್ತಡದ ಸೆನ್ಸರನ್ನು ಪಂಪಿನ ಎಳೆತ ತಗಲದ ಜಾಗದಲ್ಲಿ, ಅಂದರೆ ಒತ್ತಡದ ಮುಚ್ಚಳವಿರುವ ಮೇಲ್ತೊಟ್ಟಿಯಲ್ಲಿ ಅಥವಾ ಎಂಜಿನ್ನಿನ ಹೊರಹರಿವಿನ ಕಡೆ ಕೂರಿಸಿ. ಎಕ್ಸಾಸ್ಟ್ ಥರ್ಮೋಕಪಲ್‌ಗಳನ್ನು ಎರಡೂ ಕೊಳವೆಗಳಲ್ಲಿ ಎಂಜಿನ್ನಿನಿಂದ ಹೊಗೆ ಹೊರಬರುವ ಪೋರ್ಟಿನಿಂದ ಒಂದೇ ಅಂತರದಲ್ಲಿ ಹಾಕಿ. ಅಂತರ ಬೇರೆಯಾದರೆ ಎರಡು ರೋಟರ್‌ಗಳ ಹೋಲಿಕೆಗೆ ಅರ್ಥವಿರುವುದಿಲ್ಲ. ರೋಟರಿಯ ಹೊಗೆ ವಿಮಾನದ ಪಿಸ್ಟನ್ ಎಂಜಿನ್ನಿನ ಹೊಗೆಗಿಂತ ಬಹಳ ಬಿಸಿ. ಅಲ್ಲಿ 700ರಿಂದ 820 ಡಿಗ್ರಿ ಸಾಮಾನ್ಯವಾದರೆ ಇಲ್ಲಿ 870ರಿಂದ 930 ಸಾಮಾನ್ಯ, ಗಾಳಿ-ಇಂಧನದ ಕೆಲವು ಮಿಶ್ರಣದಲ್ಲಿ 980ರವರೆಗೂ ಹೋಗುತ್ತದೆ. ಆದ್ದರಿಂದ ಬಿಸಿ ತಾಳುವ ಇಂಕೊನೆಲ್ ಲೋಹದ ಹೊದಿಕೆಯ ಕೆ-ಮಾದರಿಯ ಥರ್ಮೋಕಪಲ್ ಬಳಸಿ. ತುದಿ ತೆರೆದಿರುವ ಅಗ್ಗದ ಮಾದರಿಗಳು ಇಲ್ಲಿ ಬೇಗ ಸವೆದು ಮುರಿಯುತ್ತವೆ.

2. ಕೂರಿಸುವ ಮೊದಲೇ ಪಾತ್ರೆಯಲ್ಲಿ ಕುದಿಸಿ ನೋಡಿ

ಹೊಸ ಗೇಜ್ ಸರಿಯಾಗಿಯೇ ಇರುತ್ತದೆ ಎಂದು ನಂಬಬೇಡಿ. ಒಂದು ಅಗಲದ ಪಾತ್ರೆಯಲ್ಲಿ ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರು ಕಲಸಿ, ಸೆನ್ಸರಿನ ತುದಿಯನ್ನು ತಳಕ್ಕೆ ತಾಗದಂತೆ ದಾರದಿಂದ ಇಳಿಬಿಟ್ಟು 0 ಡಿಗ್ರಿ ನೋಡಿ. ಬಳಿಕ ನೀರನ್ನು ಕುದಿಸಿ, ದೊಡ್ಡ ಗುಳ್ಳೆಗಳು ಒಂದೇ ಸಮನೆ ಏಳುವಾಗ ಮತ್ತೆ ನೋಡಿ.

ಇಲ್ಲಿ ಒಂದು ಎಚ್ಚರ. ನೀರು ಎಲ್ಲ ಊರಿನಲ್ಲೂ 100 ಡಿಗ್ರಿಗೆ ಕುದಿಯುವುದಿಲ್ಲ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. 1,600 ಮೀಟರ್ ಎತ್ತರದ ಡೆನ್ವರಿನಲ್ಲಿ ಅದು 95ರ ಹತ್ತಿರ, ಬೆಂಗಳೂರಿನ ಅಡುಗೆಮನೆಯಲ್ಲಿ 97. ಊರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯದೆ ಗೇಜನ್ನು 100ಕ್ಕೆ ತಿರುಗಿಸಿ ಕೂರಿಸಿದರೆ ಸರಿಯಿದ್ದ ಗೇಜನ್ನು ನೀವೇ ಕೆಡಿಸಿದಂತಾಗುತ್ತದೆ. ಒಂದಕ್ಕಿಂತ ಹೆಚ್ಚು ಸೆನ್ಸರ್ ಇದ್ದರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಇಳಿಬಿಟ್ಟು, ಪ್ರತಿಯೊಂದರ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

3. ತಂತಿಯ ಕೆಲಸದಲ್ಲಿ ಆಗುವ ತಪ್ಪುಗಳು

ಕೆ-ಮಾದರಿಯ ಥರ್ಮೋಕಪಲ್ ತಂತಿಯನ್ನು ಉದ್ದ ಮಾಡಬೇಕಾದರೆ ಕೆ-ಮಾದರಿಯ ತಂತಿಯನ್ನೇ ಬಳಸಬೇಕು. ಎಂಜಿನ್ ಕೋಣೆಯಲ್ಲಿ ತಾಮ್ರದ ತಂತಿ ಕೂಡಿಸಿದರೆ ಆ ಕೂಡಿಕೆಯೇ ಇನ್ನೊಂದು ಸೆನ್ಸರಾಗುತ್ತದೆ. ಕೂಡಿಕೆ 60 ಡಿಗ್ರಿಯಲ್ಲಿದ್ದು ಮಾನಿಟರ್ 25 ಡಿಗ್ರಿಯಲ್ಲಿದ್ದರೆ ತೋರುವ ಅಂಕಿ ನಿಜಕ್ಕಿಂತ ಸುಮಾರು 35 ಡಿಗ್ರಿ ಕಡಿಮೆ ಬರುತ್ತದೆ. ತಪ್ಪು ಅಪಾಯದ ದಿಕ್ಕಿಗೇ ವಾಲುತ್ತದೆ ಎಂಬುದನ್ನು ಗಮನಿಸಿ.

ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಕೆ-ಮಾದರಿಯ ಹಳದಿ ತಂತಿ ಧನ, ಕೆಂಪು ತಂತಿ ಋಣ. ಬ್ಯಾಟರಿಯ ಕೆಲಸ ಮಾಡಿ ಕೆಂಪೆಂದರೆ ಧನ ಎಂದು ರೂಢಿಯಾದ ಕೈ ಇಲ್ಲಿ ಸುಲಭವಾಗಿ ತಪ್ಪುತ್ತದೆ. ಅನುಮಾನ ಬಂದರೆ ಚಿಕ್ಕ ಅಯಸ್ಕಾಂತ ಹಿಡಿದು ನೋಡಿ: ಅಂಟಿಕೊಳ್ಳುವುದು ಅಲ್ಯುಮೆಲ್ ತಂತಿ, ಅದು ಋಣ.

ನೀರು ಮತ್ತು ಎಣ್ಣೆಯ ಒಂಟಿ ತಂತಿಯ ಸೆನ್ಸರ್‌ಗಳು ಎಂಜಿನ್ನಿನ ಮೈಯನ್ನೇ ಅರ್ತಿಂಗ್ ಆಗಿ ಬಳಸುತ್ತವೆ. ಅವುಗಳ ತಿರುಪಿನ ಸುತ್ತುಗಳಿಗೆ ಪ್ಲಂಬಿಂಗ್‌ನ ಬಿಳಿ ಟೇಪ್ ಸುತ್ತಿದರೆ ಅರ್ತಿಂಗ್ ಕಡಿಯಬಹುದು. ಎಂಜಿನ್ ಮತ್ತು ವಿಮಾನದ ಅರ್ತಿಂಗ್ ಬಿಂದುವಿನ ನಡುವೆ ದಪ್ಪನೆಯ ಪಟ್ಟಿಯನ್ನು ಬಿಗಿಯಿರಿ. ಪರೀಕ್ಷೆ ಸುಲಭ: ಎಂಜಿನ್ ಓಡುತ್ತಿರುವಾಗ ವಿಮಾನದ ಲ್ಯಾಂಡಿಂಗ್ ದೀಪವನ್ನು ಹಾಕಿ ಆರಿಸಿ, ಆ ಗಳಿಗೆಯಲ್ಲೇ ನೀರಿನ ಮುಳ್ಳು ಜಿಗಿದರೆ ನೀವು ನೋಡುತ್ತಿರುವುದು ಬಿಸಿಯನ್ನಲ್ಲ, ಅರ್ತಿಂಗ್ ದೋಷವನ್ನು.

4. ನೀರು ತುಂಬಿ, ಗಾಳಿಯನ್ನು ಪೂರ್ತಿ ಹೊರಹಾಕಿ

ಹೊಸ ವಿಮಾನಗಳಲ್ಲಿ ಅತಿ ಬಿಸಿಯ ದೂರು ಬಂದಾಗ ನಾನು ಮೊದಲು ಹುಡುಕುವುದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು. ಕಾರಿನಲ್ಲಿ ಎಂಜಿನ್ ಇದ್ದ ಓರೆಯಲ್ಲೇ ವಿಮಾನದಲ್ಲೂ ಇರುವುದಿಲ್ಲ. ಕಾರಿನವರು ಗಾಳಿ ಹೊರಹೋಗಲು ಇಟ್ಟ ದಾರಿ ಈಗ ಎತ್ತರದಲ್ಲಿ ಉಳಿದಿಲ್ಲದಿರಬಹುದು. ಎಂಜಿನ್, ರೇಡಿಯೇಟರ್ ಮತ್ತು ಕೊಳವೆಗಳಲ್ಲಿ ಅತಿ ಎತ್ತರದ ಬಿಂದುಗಳನ್ನು, ವಿಮಾನ ನೆಲದ ಮೇಲೆ ನಿಂತ ಭಂಗಿಯಲ್ಲೂ ಏರುವ ಭಂಗಿಯಲ್ಲೂ ಗುರುತಿಸಿ, ಪ್ರತಿಯೊಂದರಿಂದ ಸಣ್ಣ ಕೊಳವೆಯನ್ನು ಮೇಲ್ತೊಟ್ಟಿಗೆ ಒಯ್ಯಿರಿ. ಬಾಲಚಕ್ರದ ವಿಮಾನವಾದರೆ ನೀರು ತುಂಬುವಾಗ ಬಾಲವನ್ನು ಎತ್ತಿ ಇಳಿಸಿ ಎರಡೂ ಭಂಗಿಯಲ್ಲಿ ತುಂಬಿ.

ಥರ್ಮೋಸ್ಟಾಟ್ ತೆಗೆದುಹಾಕಿದರೆ ಹೆಚ್ಚು ತಂಪಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಈ ಎಂಜಿನ್ನಿನ ಮಟ್ಟಿಗೆ ಅದು ಅರ್ಧ ಸತ್ಯ, ಹಾಗಾಗಿ ಹೆಚ್ಚು ಅಪಾಯಕಾರಿ. 13ಬಿ ಥರ್ಮೋಸ್ಟಾಟ್ ಸುಮಾರು 82 ಡಿಗ್ರಿಯಲ್ಲಿ ರೇಡಿಯೇಟರಿನ ದಾರಿ ತೆರೆಯತೊಡಗುವುದಲ್ಲದೆ, ಪೂರ್ತಿ ತೆರೆದಾಗ ಕೆಳಗಿನ ಬೈಪಾಸ್ ರಂಧ್ರವನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ತೆಗೆದು ಬೈಪಾಸನ್ನು ಹಾಗೆಯೇ ಬಿಟ್ಟರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಪಂಪಿಗೆ ಮರಳಿ ಎಂಜಿನ್ನಿನಲ್ಲೇ ಸುತ್ತುತ್ತದೆ. ತೆಗೆಯುವುದಾದರೆ ಬೈಪಾಸನ್ನು ಗಟ್ಟಿಯಾಗಿ ಮುಚ್ಚಿ. ಅದೇ ರೀತಿ ಎಕ್ಸೆಂಟ್ರಿಕ್ ಶಾಫ್ಟ್‌ನ ಮುಂಭಾಗದಲ್ಲಿ, ಎಣ್ಣೆ ತಣ್ಣಗಿರುವಾಗ ರೋಟರಿಗೆ ಚಿಮ್ಮುವುದನ್ನು ತಡೆಯುವ ಚಿಕ್ಕ ಬಿಸಿಕವಾಟವೊಂದಿದೆ. ಅದು ಸಿಕ್ಕಿಕೊಂಡರೆ ರೋಟರ್‌ಗಳಿಗೆ ತಂಪು ಸಿಗುವುದಿಲ್ಲ, ಎಣ್ಣೆಯ ಒತ್ತಡವೂ ಕುಸಿಯುತ್ತದೆ. ವಿಮಾನಕ್ಕೆ ಬಳಸುವವರು ಅದರ ಬದಲು ಗಟ್ಟಿ ಲೋಹದ ತುಂಡು ಹಾಕುವುದು ವಾಡಿಕೆ.

ನೀರಿಗೆ ಎಥಿಲೀನ್ ಗ್ಲೈಕಾಲನ್ನು ಅರ್ಧಕ್ಕರ್ಧ ಬೆರೆಸಿ. ಈ ಮಿಶ್ರಣ ಸಮುದ್ರಮಟ್ಟದಲ್ಲಿ ಮುಚ್ಚಳವಿಲ್ಲದೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಸುಮಾರು 1 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ 130ರ ಹತ್ತಿರ. ಇನ್ನು 10,000 ಅಡಿ ಎತ್ತರದಲ್ಲಿ ಮುಚ್ಚಳ ಸೋರಿದರೆ ಏನಾಗುತ್ತದೆ ನೋಡಿ: ಅಲ್ಲಿ ಬರಿ ನೀರು 90ಕ್ಕೇ ಕುದಿಯುತ್ತದೆ, ಮಿಶ್ರಣ ಅದಕ್ಕಿಂತ ಆರೇಳು ಡಿಗ್ರಿ ಮೇಲೆ. ಅಂದರೆ ಗೇಜಿನಲ್ಲಿ ಸಹಜವಾಗಿ ಕಾಣುವ 97 ಡಿಗ್ರಿಯೇ ಕುದಿಬಿಂದುವಾಗುತ್ತದೆ. ನಿಮ್ಮ ಪ್ರಾಣ ಮತ್ತು ಎಂಜಿನ್ ನಿಂತಿರುವುದು ಆ ಮುಚ್ಚಳದ ರಬ್ಬರ್ ಬಿಲ್ಲೆಯ ಮೇಲೆ. ವರ್ಷಕ್ಕೊಮ್ಮೆ ಅದನ್ನು ಬದಲಿಸಿ.

5. ಮಿತಿಗಳನ್ನು ಗೊತ್ತುಮಾಡಿ, ಎಚ್ಚರಿಕೆ ದೀಪ ಹಚ್ಚಿ

ಅನುಭವಿಗಳು ಸಾಮಾನ್ಯವಾಗಿ ಪಾಲಿಸುವ ಅಂಕಿಗಳು ಹೀಗಿವೆ. ಎಂಜಿನ್ನಿನಿಂದ ಹೊರಡುವ ನೀರು ನೇರ ಹಾರಾಟದಲ್ಲಿ 80ರಿಂದ 93 ಡಿಗ್ರಿ, 99ಕ್ಕೆ ಹಳದಿ ಎಚ್ಚರಿಕೆ, 104ಕ್ಕೆ ಕೆಂಪು. ಎಂಜಿನ್ನಿಗೆ ಮರಳುವ ಎಣ್ಣೆ 75ರಿಂದ 93, 99ಕ್ಕೆ ಕೆಂಪು. ನೀರು ಮತ್ತು ಎಣ್ಣೆ 60 ಡಿಗ್ರಿ ತಲುಪುವವರೆಗೆ ಪೂರ್ಣ ಶಕ್ತಿ ಕೊಡಬೇಡಿ. ಕೂಲಂಟ್ ಒತ್ತಡಕ್ಕೆ ಎಲ್ಲರಿಗೂ ಹೊಂದುವ ಅಂಕಿಯಿಲ್ಲ. ನಿಮ್ಮ ವಿಮಾನದಲ್ಲಿ ಬಿಸಿಯಾದ ಮೇಲೆ ಸಹಜವಾಗಿ ನಿಲ್ಲುವ ಒತ್ತಡವನ್ನು ಕಂಡುಕೊಂಡು, ಅದರ ಅರ್ಧಕ್ಕೆ ಇಳಿದರೆ ಕೂಗುವ ಎಚ್ಚರಿಕೆಯನ್ನು ಇಡಿ.

ಎಚ್ಚರಿಕೆ ಕಣ್ಣಿಗೆ ಹೊಡೆಯುವ ದೀಪವಾಗಿ ಅಥವಾ ಹೆಡ್‌ಸೆಟ್ಟಿನಲ್ಲಿ ಕೇಳುವ ದನಿಯಾಗಿ ಇರಲಿ. ಸುತ್ತು ಹೊಡೆದು ಇಳಿಯುವ ಗಡಿಬಿಡಿಯಲ್ಲಿ ಯಾರೂ ಸಣ್ಣ ಅಂಕಿಗಳನ್ನು ಓದುವುದಿಲ್ಲ.

6. ನೆಲದ ಮೇಲಿನ ಓಟ, ಆಮೇಲೆ ಏರಿಕೆಯ ದಾಖಲೆ

ಅಮೆರಿಕದಲ್ಲಿ ಪ್ರಮಾಣೀಕರಿಸದ ಎಂಜಿನ್ ಇರುವ ಸ್ವಯಂನಿರ್ಮಿತ ವಿಮಾನಕ್ಕೆ ಸಾಮಾನ್ಯವಾಗಿ 40 ಗಂಟೆಗಳ ಪರೀಕ್ಷಾ ಹಾರಾಟ ವಿಧಿಸುತ್ತಾರೆ. ಆ ಅವಧಿಯನ್ನು ಕಳೆಯಬೇಕಾದ ಗಂಟೆಗಳೆಂದು ನೋಡದೆ, ತಂಪಿಕೆಯ ದಾಖಲೆ ಮಾಡಿಕೊಳ್ಳುವ ಅವಕಾಶವೆಂದು ನೋಡಿ.

ನೆಲದ ಮೇಲೆ ಪೂರ್ಣ ಶಕ್ತಿಯಲ್ಲಿ ಹೆಚ್ಚು ಹೊತ್ತು ಓಡಿಸಬೇಡಿ; ಪ್ರೊಪೆಲ್ಲರಿನ ಗಾಳಿ ಹಾರಾಟದ ಗಾಳಿಗೆ ಸಮವಲ್ಲ, ನೆಲದಲ್ಲಿ ಬಿಸಿಯಾಯಿತೆಂಬ ಮಾತ್ರಕ್ಕೆ ರೇಡಿಯೇಟರ್ ಸಾಲದು ಎಂದೂ ಅಲ್ಲ. ನಿಜವಾದ ಪರೀಕ್ಷೆ ಏರಿಕೆ: ಶಕ್ತಿ ಹೆಚ್ಚು, ವೇಗ ಕಡಿಮೆ. ಒಂದೇ ಶಕ್ತಿ, ಒಂದೇ ವೇಗದಲ್ಲಿ ಏರುತ್ತ ಪ್ರತಿ 1,000 ಅಡಿಗೆ ನೀರು, ಎಣ್ಣೆ ಮತ್ತು ಹೊರಗಾಳಿಯ ತಾಪಮಾನ ಬರೆದುಕೊಳ್ಳಿ.

ಈಗ ಮುಖ್ಯವಾದ ಲೆಕ್ಕ. ಥರ್ಮೋಸ್ಟಾಟ್ ಪೂರ್ತಿ ತೆರೆದ ಮೇಲೆ ಅದೇ ಶಕ್ತಿ, ಅದೇ ವೇಗ, ಅದೇ ಎತ್ತರದಲ್ಲಿ ನೀರಿನ ಬಿಸಿಗೂ ಹೊರಗಾಳಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹೊರಗೆ 15 ಡಿಗ್ರಿ ಇದ್ದ ದಿನ ಏರಿಕೆಯಲ್ಲಿ ನೀರು 90 ತೋರಿಸಿದರೆ ವ್ಯತ್ಯಾಸ 75. ಹೊರಗೆ 35 ಇರುವ ದಿನ ಅದೇ ಏರಿಕೆಯಲ್ಲಿ 110 ಆಗುತ್ತದೆ, ಅಂದರೆ ಕೆಂಪು ಗೆರೆ ದಾಟುತ್ತದೆ. ಚಳಿಗಾಲದಲ್ಲಿ ಪರೀಕ್ಷೆ ಮುಗಿಸಿ ‘ತಂಪಿಕೆ ಚೆನ್ನಾಗಿದೆ’ ಎಂದುಕೊಂಡವರು ಬೇಸಿಗೆಯ ಮೊದಲ ಹಾರಾಟದಲ್ಲಿ ಗಾಬರಿಯಾಗುವುದು ಈ ಒಂದು ಕೂಡುಲೆಕ್ಕ ಮಾಡದೆ ಇದ್ದುದರಿಂದ.

7. ಅಂಕಿಗಳನ್ನು ಜೋಡಿಯಾಗಿ ಓದಿ

ಒಂಟಿ ಅಂಕಿಗಿಂತ ಎರಡು ಅಂಕಿಗಳ ಸಂಬಂಧ ಹೆಚ್ಚು ಹೇಳುತ್ತದೆ.

ಎಂಜಿನ್ನಿನಿಂದ ಹೊರಡುವ ನೀರು ಮತ್ತು ರೇಡಿಯೇಟರಿನಿಂದ ಹೊರಡುವ ನೀರಿನ ವ್ಯತ್ಯಾಸವನ್ನು ಮೊದಲು ತೆಗೆದುಕೊಳ್ಳೋಣ. ಉದಾಹರಣೆಗೆ ರೇಡಿಯೇಟರ್ 60 ಕಿಲೋವಾಟ್ ಶಾಖವನ್ನು ಹೊರಹಾಕುತ್ತಿದ್ದು ಮಿಶ್ರಣ ನಿಮಿಷಕ್ಕೆ 120 ಲೀಟರ್ ಹರಿಯುತ್ತಿದ್ದರೆ ವ್ಯತ್ಯಾಸ ಸುಮಾರು 8 ಡಿಗ್ರಿ ಬರುತ್ತದೆ. ಎಂಜಿನ್ ಬಿಸಿಯಾಗಿದ್ದು ವ್ಯತ್ಯಾಸ 15, 20 ಡಿಗ್ರಿಗೆ ಹೋಗಿದ್ದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ, ನೀರೇ ಸಾಕಷ್ಟು ಹರಿಯುತ್ತಿಲ್ಲ: ಪಂಪಿನ ಬೆಲ್ಟ್ ಜಾರುತ್ತಿರಬಹುದು, ಎಳೆತದ ಬದಿಯ ಮೆತ್ತನೆಯ ಹೋಸ್ ಒಳಕ್ಕೆ ಕುಸಿದಿರಬಹುದು, ಥರ್ಮೋಸ್ಟಾಟ್ ಅರೆ ತೆರೆದಿರಬಹುದು. ಎಂಜಿನ್ ಬಿಸಿಯಾಗಿದ್ದು ವ್ಯತ್ಯಾಸ ಮಾತ್ರ 3, 4 ಡಿಗ್ರಿಯಷ್ಟೇ ಇದ್ದರೆ ನೀರು ಧಾರಾಳವಾಗಿ ಹರಿಯುತ್ತಿದೆ, ಗಾಳಿ ಸಾಲುತ್ತಿಲ್ಲ. ಈ ಸಂದರ್ಭದಲ್ಲಿ ದೊಡ್ಡ ಪಂಪ್ ಹಾಕಿ ಹಣ ಕಳೆಯಬೇಡಿ. ಎಂಜಿನ್ನಿನ ಹೊರಹೊದಿಕೆಯಾದ ಕೌಲಿಂಗ್ ಒಳಗಿನ ಗಾಳಿದಾರಿಯನ್ನು ನೋಡಿ.

ಗಾಳಿದಾರಿ ನೋಡಲು ದುಬಾರಿ ಉಪಕರಣ ಬೇಡ. ಪಾರದರ್ಶಕ ಸಣ್ಣ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಬಣ್ಣದ ನೀರು ತುಂಬಿ ಕಾಕ್‌ಪಿಟ್ಟಿನಲ್ಲಿ ನಿಲ್ಲಿಸಿ. ಒಂದು ತುದಿಯನ್ನು ರೇಡಿಯೇಟರಿನ ಮುಂದೆಯೂ ಇನ್ನೊಂದನ್ನು ಹಿಂದೆಯೂ ಕಟ್ಟಿ. ಸಮುದ್ರಮಟ್ಟದಲ್ಲಿ 100 ನಾಟ್ ವೇಗದ ಗಾಳಿ ಕೊಡಬಲ್ಲ ಪೂರ್ಣ ಒತ್ತಡ 16 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ನೀರಿನ ಕಂಬ. ಅದರಲ್ಲಿ ಕಾಲು ಭಾಗವೂ ರೇಡಿಯೇಟರಿಗೆ ದಕ್ಕುತ್ತಿಲ್ಲವಾದರೆ ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಹೊರದಾರಿ ಇಕ್ಕಟ್ಟಾಗಿದೆ. ರೇಡಿಯೇಟರಿನ ಅಂಚಿನ ಬಿರುಕುಗಳನ್ನು ಸಿಲಿಕೋನಿನಿಂದ ಮುಚ್ಚಿದಷ್ಟಕ್ಕೇ ಹಲವು ಡಿಗ್ರಿ ಇಳಿದ ಉದಾಹರಣೆಗಳಿವೆ.

ಇನ್ನೊಂದು ಜೋಡಿ ನೀರಿನ ಬಿಸಿ ಮತ್ತು ಕೂಲಂಟ್ ಒತ್ತಡ. ಬಿಸಿ ಏರುತ್ತಿದ್ದು ಒತ್ತಡ ಇಳಿಯುತ್ತಿದ್ದರೆ ನೀರು ಹೊರಗೆ ಹೋಗುತ್ತಿದೆ. ಒತ್ತಡ ಸೊನ್ನೆಗೆ ಬಿದ್ದು ಬಿಸಿಯೂ ಇಳಿಯತೊಡಗಿದರೆ ಸಮಾಧಾನಪಡಬೇಡಿ. ಸೆನ್ಸರ್ ಈಗ ಗಾಳಿಯಲ್ಲಿ ನೇತಾಡುತ್ತಿದೆ. ಅಂಥ ಹೊತ್ತಿನಲ್ಲಿ ನಿಜ ಹೇಳುವುದು ಎಣ್ಣೆಯ ಗೇಜ್, ಅದು ಏರುತ್ತಲೇ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ತಣ್ಣನೆಯ ಎಂಜಿನ್ ಶುರುಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಉಗುರುಬೆಚ್ಚಗಿರುವಾಗಲೇ ಒತ್ತಡ ಸರ್ರನೆ ಏರಿದರೆ ಉರಿಯ ಅನಿಲ ಓ-ರಿಂಗ್ ದಾಟಿ ನೀರಿಗೆ ನುಗ್ಗುತ್ತಿದೆ ಎಂದರ್ಥ. ಆ ಎಂಜಿನ್ನಿನಲ್ಲಿ ಹಾರಬೇಡಿ.

ಎಕ್ಸಾಸ್ಟ್ ತಾಪಮಾನದಲ್ಲಿ ಒಂದೇ ರೋಟರ್ ಏಕಾಏಕಿ ಏರಿ, ಶಕ್ತಿಯೂ ಕುಗ್ಗಿದರೆ ಆ ರೋಟರಿನ ಮುಖ್ಯ ಪ್ಲಗ್, ಅಂದರೆ ಲೀಡಿಂಗ್ ಪ್ಲಗ್, ಉರಿಯುತ್ತಿಲ್ಲವೆಂದು ಅನುಮಾನಿಸಿ. ಉರಿ ತಡವಾಗಿ ಮುಗಿಯುವುದರಿಂದ ಬಿಸಿ ಹೊಗೆಯೊಡನೆ ಹೊರಬರುತ್ತದೆ.

8. ಗಾಳಿಯಲ್ಲಿ ಕೆಂಪು ಗೆರೆ ದಾಟಿದರೆ

ಮೂಗನ್ನು ಇಳಿಸಿ ವೇಗ ಹೆಚ್ಚಿಸಿ, ಶಕ್ತಿ ತಗ್ಗಿಸಿ, ಮಿಶ್ರಣವನ್ನು ಶ್ರೀಮಂತಗೊಳಿಸಿ, ಅಂದರೆ ಇಂಧನದ ಪಾಲು ಹೆಚ್ಚಿಸಿ. ಕೌಲಿಂಗ್ ಬಾಗಿಲಿದ್ದರೆ ತೆರೆಯಿರಿ. ಇದರ ಜೊತೆಗೇ ವಿಮಾನವನ್ನು ಹತ್ತಿರದ ರನ್‌ವೇ ಕಡೆ ತಿರುಗಿಸಿ. ‘ಸ್ವಲ್ಪ ನೋಡೋಣ’ ಎಂದು ಮುಂದುವರಿಯಬೇಡಿ. ಒತ್ತಡದ ಗೇಜ್ ಸಹಜವಾಗಿದ್ದು ಬಿಸಿ ಇಳಿದರೆ ಸಮಯವಿದೆ. ಒತ್ತಡ ಹೋಗಿದ್ದರೆ ನೀರು ಹೋಗಿದೆ. ಆಗ ಎಂಜಿನ್ ಉಳಿಸುವ ಯೋಚನೆ ಬಿಟ್ಟು, ಅದು ಕೊಡುವಷ್ಟು ಶಕ್ತಿಯಲ್ಲಿ ಎತ್ತರ ಕಾಯ್ದುಕೊಂಡು ಇಳಿಯುವ ಜಾಗದ ಮೇಲೆ ಬನ್ನಿ. ಎಂಜಿನ್ ಹಣ ಕೊಟ್ಟರೆ ಇನ್ನೊಂದು ಸಿಗುತ್ತದೆ.

9. ಇಳಿದ ಮೇಲೆ: ಹಾನಿಯನ್ನು ಹುಡುಕುವ ಕ್ರಮ

ಎಂಜಿನ್ ಪೂರ್ತಿ ಆರುವವರೆಗೆ ಮುಚ್ಚಳ ತೆರೆಯಬೇಡಿ, ತಣ್ಣೀರು ಸುರಿಯಬೇಡಿ. ಕಾದ ಬೀಡುಕಬ್ಬಿಣ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಇರುವ ಕಡೆ ತಣ್ಣೀರು ಬಿದ್ದರೆ ಉಳಿದಿದ್ದೂ ಬಿರಿಯುತ್ತದೆ.

ಆರಿದ ಮೇಲೆ ಎಷ್ಟು ನೀರು ಕಡಿಮೆಯಾಗಿದೆ ಎಂದು ಅಳೆದು ತುಂಬಿ. ಕೈಪಂಪಿನಿಂದ ಮುಚ್ಚಳದ ಒತ್ತಡದಷ್ಟು ಗಾಳಿ ಕೊಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒತ್ತಡ ಇಳಿದಿದ್ದು ಹೊರಗೆ ಎಲ್ಲೂ ತೇವವಿಲ್ಲದಿದ್ದರೆ ಸೋರಿಕೆ ಒಳಗಿದೆ. ಲೀಡಿಂಗ್ ಪ್ಲಗ್‌ಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ತೂತಿನಿಂದ ಹನಿಯೋ ಸಿಹಿ ವಾಸನೆಯ ತೇವವೋ ಬಂದರೆ ನೀರಿನ ಓ-ರಿಂಗ್ ಹೋಗಿದೆ. ರಾತ್ರಿ ನಿಂತ ಎಂಜಿನ್ ಬೆಳಿಗ್ಗೆ ಒಂದು ರೋಟರಿನಲ್ಲಿ ಮಾತ್ರ ತಡವರಿಸಿ ಶುರುವಾಗಿ ಬಿಳಿ ಹೊಗೆ ಬಿಡುವುದೂ ಇದೇ ರೋಗದ ಲಕ್ಷಣ. ನೀಲಿ ಹೊಗೆಯಾದರೆ ರೋಟರಿನ ಪಕ್ಕದ ಎಣ್ಣೆ ತಡೆಯುವ ರಿಂಗ್‌ಗಳ ರಬ್ಬರ್ ಬೆಂದಿರಬಹುದು. ಅದು ನೀರಿಗಿಂತ ಎಣ್ಣೆ ಅತಿಯಾಗಿ ಕಾದದ್ದರ ಗುರುತು. ಎಣ್ಣೆಯ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಬಣ್ಣ ಕಂಡರೆ ಎಂಜಿನ್ನನ್ನು ಮತ್ತೆ ತಿರುಗಿಸದೆ ಎಣ್ಣೆ ಇಳಿಸಿಬಿಡಿ.

ಬಳಿಕ ಕಂಪ್ರೆಷನ್, ಅಂದರೆ ಪ್ರತಿ ಕೋಣೆ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿಯನ್ನು ಅಳೆಯಿರಿ. ಒಂದು ರೋಟರಿಗೆ ಮೂರು ಕೋಣೆಗಳಿರುವುದರಿಂದ ಕಾರಿನ ಮಾಮೂಲಿ ಗೇಜ್ ಅತಿ ಹೆಚ್ಚಿನ ಒಂದನ್ನು ಮಾತ್ರ ತೋರಿಸಿ ಉಳಿದೆರಡನ್ನು ಮರೆಮಾಡುತ್ತದೆ. ರೋಟರಿಗೆಂದೇ ಮಾಡಿದ ಗೇಜ್ ಬಳಸಿ. ಇಲ್ಲದಿದ್ದರೆ ಮಾಮೂಲಿ ಗೇಜಿನ ಒತ್ತಡ ಹಿಡಿದಿಡುವ ಚಿಕ್ಕ ಕವಾಟವನ್ನು ತೆಗೆದು ಮುಳ್ಳಿನ ಕುಣಿತ ನೋಡಿ. ಮೂರು ಸಮನಾದ ಜಿಗಿತ ಇರಬೇಕು. ಹಳೆಯ 13ಬಿಗೆ ತಯಾರಕರು ಹೇಳುವ ಕನಿಷ್ಠ ಮಿತಿ ನಿಮಿಷಕ್ಕೆ 250 ಸುತ್ತಿನಲ್ಲಿ ಚದರ ಸೆಂಟಿಮೀಟರಿಗೆ 6 ಕಿಲೋ, ಕೋಣೆಗಳ ನಡುವಿನ ವ್ಯತ್ಯಾಸ 1.5 ಕಿಲೋ ಮೀರಬಾರದು. ರೆನೆಸಿಸ್‌ಗೆ ಮಿತಿ ಇದಕ್ಕಿಂತ ಹೆಚ್ಚು. ಮೂರೂ ಕೋಣೆಗಳಲ್ಲಿ ಒಟ್ಟಾಗಿ ಇಳಿದಿದ್ದರೆ ಎಪೆಕ್ಸ್ ಸೀಲ್‌ಗಳ, ಅಂದರೆ ರೋಟರಿನ ಮೂರು ಮೂಲೆಗಳಲ್ಲಿರುವ ಪಟ್ಟಿಗಳ ಕೆಳಗಿನ ಸ್ಪ್ರಿಂಗ್‌ಗಳು ಕಾವಿಗೆ ಬಿಗುವು ಕಳೆದುಕೊಂಡಿರುವ ಸಾಧ್ಯತೆ ಇದೆ. ಪಕ್ಕಪಕ್ಕದ ಎರಡು ಕೋಣೆಗಳು ಮಾತ್ರ ಬಿದ್ದಿದ್ದರೆ ಅವೆರಡರ ನಡುವಿನ ಎಪೆಕ್ಸ್ ಸೀಲನ್ನು ಅನುಮಾನಿಸಿ.

ಎಂಜಿನ್ ಬಿಚ್ಚಬೇಕಾದರೆ ಕಬ್ಬಿಣದ ಫಲಕಗಳ ಮೇಲೆ ನೇರಪಟ್ಟಿ ಇಟ್ಟು ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜಿನಿಂದ ಸೊಟ್ಟ ಅಳೆಯಿರಿ, ಮಿತಿ 0.04 ಮಿ.ಮೀ. ಹೌಸಿಂಗಿನ ಒಳಮೈಯ ಕ್ರೋಮ್ ಲೇಪ ಅಂಚಿನಲ್ಲಿ ಎದ್ದಿದೆಯೇ, ಪ್ಲಗ್ ತೂತಿನ ಸುತ್ತ ಬಿರುಕಿದೆಯೇ ಎಂದು ಬೆಳಕನ್ನು ಓರೆಯಾಗಿ ಹಿಡಿದು ನೋಡಿ. ಒಮ್ಮೆ ಬೆಂದ ಓ-ರಿಂಗ್ ಮತ್ತು ಸ್ಪ್ರಿಂಗ್‌ಗಳಲ್ಲಿ ಚೆನ್ನಾಗಿ ಕಾಣುವವನ್ನೂ ಮತ್ತೆ ಹಾಕಬೇಡಿ.

ಬಿಚ್ಚುವ ಅಗತ್ಯ ಬೀಳದೆ ಎಲ್ಲ ಪರೀಕ್ಷೆಯೂ ದಾಟಿದರೆ ಕಾರಣ ಪತ್ತೆಹಚ್ಚಿ ಸರಿಪಡಿಸಿ, ವಿಮಾನನಿಲ್ದಾಣದ ಮೇಲೆಯೇ ಸುತ್ತುವ ಅರ್ಧ ಗಂಟೆಯ ಹಾರಾಟ ಮಾಡಿ. ಇಳಿದ ಕೂಡಲೇ ಆ ದಿನದ ಏರಿಕೆಯ ಅಂಕಿಗಳನ್ನು ನಿಮ್ಮ ಹಳೆಯ ದಾಖಲೆಯ ಪಕ್ಕದಲ್ಲಿಟ್ಟು ನೀರು ಮತ್ತು ಹೊರಗಾಳಿಯ ವ್ಯತ್ಯಾಸವನ್ನು ಹೋಲಿಸಿ. ಮೊದಲು 75 ಇದ್ದದ್ದು ಈಗ 80 ದಾಟಿದ್ದರೆ ಕೌಲಿಂಗ್ ಮತ್ತೆ ತೆಗೆಯಿರಿ. ಕಾರಣ ಇನ್ನೂ ಒಳಗೇ ಇದೆ.